ಉತ್ತರದ ನದಿಯಲ್ಲಿ ಕರಡಿಗಿಂತ ನೀರಿಗೆ ಹೆಚ್ಚು ಹೆದರಿ

ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿರುವ ನಹಾನಿ ರಾಷ್ಟ್ರೀಯ ಉದ್ಯಾನದೊಳಕ್ಕೆ ರಸ್ತೆಯಿಲ್ಲ. ಹೆಚ್ಚಿನವರು ಫೋರ್ಟ್ ಸಿಂಪ್ಸನ್ ಊರಿನಿಂದ, ನೀರಿನ ಮೇಲಿಳಿಯುವ ಸಣ್ಣ ವಿಮಾನ ಹತ್ತಿ ಹೋಗಿ ಸೌತ್ ನಹಾನಿ ನದಿಯ ದಡದಲ್ಲಿ ಗುಡಾರ ಹಾಕುತ್ತಾರೆ. ಅಲ್ಲಿನ ವರ್ಜೀನಿಯಾ ಜಲಪಾತ 90 ಮೀಟರ್‌ಗೂ ಹೆಚ್ಚು ಎತ್ತರದ್ದು, ನಯಾಗರಾದ ಸುಮಾರು ಎರಡು ಪಟ್ಟು. 1978ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿದ ತಾಣ ಈ ಉದ್ಯಾನ. ಇಂಥ ಕಡೆ ಹೊರಡುವವರ ತಲೆಯಲ್ಲಿ ಕೆಲವು ತಪ್ಪು ಕಲ್ಪನೆಗಳಿರುತ್ತವೆ. ಅವುಗಳಲ್ಲಿ ಕೆಲವು ಪ್ರಾಣಕ್ಕೇ ಎರವಾಗಬಲ್ಲವು.

ತಪ್ಪು ಕಲ್ಪನೆ: ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ರಾತ್ರಿಯಾಕಾಶದ ಅರೋರಾ ಬೆಳಕನ್ನೂ ನೋಡಬಹುದು.
ಸತ್ಯ: ನಡುರಾತ್ರಿಯ ಸೂರ್ಯ ಕಾಣುವುದು ಆರ್ಕ್ಟಿಕ್ ವೃತ್ತದ ಆಚೆ. ನಹಾನಿ ಅದಕ್ಕಿಂತ ದಕ್ಷಿಣಕ್ಕಿದೆ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ನಾಲ್ಕೈದು ಗಂಟೆ ಮರೆಯಾಗುತ್ತಾನೆ, ಆದರೆ ಸಂಜೆಬೆಳಕು ಆರುವುದಿಲ್ಲ. ಆ ಬೆಳಕಿನಲ್ಲಿ ಅರೋರಾ ಕಾಣದು. ಅದನ್ನು ನೋಡಲು ಕತ್ತಲು ಮರಳುವ ಆಗಸ್ಟ್ ಉತ್ತರಾರ್ಧದವರೆಗೆ ಕಾಯಬೇಕು.

ತಪ್ಪು ಕಲ್ಪನೆ: ಬೆಂಕಿ ಹಾಕಿಕೊಂಡರೆ ಕರಡಿ ಹತ್ತಿರ ಸುಳಿಯದು.
ಸತ್ಯ: ಬೆಂಕಿಯನ್ನು ನಂಬುವಂತಿಲ್ಲ. ಕರಡಿಯನ್ನು ಕರೆತರುವುದು ವಾಸನೆ. ಅಡುಗೆ, ಊಟ ಗುಡಾರದಿಂದ ಸುಮಾರು 100 ಮೀಟರ್ ದೂರದಲ್ಲಾಗಬೇಕು. ಆಹಾರದ ಜೊತೆ ಸೋಪು, ಟೂತ್‌ಪೇಸ್ಟ್ ಕೂಡ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯೊಳಗಿರಬೇಕು. ಬೇರ್ ಸ್ಪ್ರೇ ಸೊಂಟದಲ್ಲಿ, ಕೈಗೆ ಸಿಗುವಂತಿರಲಿ. ಅದನ್ನು ಗುಡಾರಕ್ಕೋ ಬಟ್ಟೆಗೋ ಹೊಡೆದುಕೊಂಡರೆ ಉಪಯೋಗವಿಲ್ಲ. ಮೈಮೇಲೆ ಬರುತ್ತಿರುವ ಕರಡಿಯ ಮುಖಕ್ಕೆ ಸಿಂಪಡಿಸಲಿಕ್ಕೆಂದೇ ಅದಿರುವುದು.

ತಪ್ಪು ಕಲ್ಪನೆ: ಊರುಕೇರಿಯಿಲ್ಲದ ಕಡೆ ಹರಿಯುವ ತಿಳಿನೀರನ್ನು ಹಾಗೇ ಕುಡಿಯಬಹುದು.
ಸತ್ಯ: ಬೀವರ್‌ನಂಥ ಪ್ರಾಣಿಗಳ ಮಲದಿಂದ ಜಿಯಾರ್ಡಿಯಾ ಎಂಬ ಪರಾವಲಂಬಿ ನೀರಿಗೆ ಸೇರುತ್ತದೆ. ಅದು ಕಣ್ಣಿಗೆ ಕಾಣದು, ತಣ್ಣೀರಿನಲ್ಲಿ ಬಹುಕಾಲ ಬದುಕುತ್ತದೆ, ಹೊಟ್ಟೆಗೆ ಹೋದರೆ ವಾರಗಟ್ಟಲೆ ಭೇದಿ. ನೀರು ಕೊತಕೊತ ಕುದಿಯತೊಡಗಿದ ಮೇಲೂ ಒಂದು ನಿಮಿಷ ಕುದಿಸಿ.

ತಪ್ಪು ಕಲ್ಪನೆ: ಈಜು ಚೆನ್ನಾಗಿ ಬಂದರೆ ನದಿಗೆ ಬಿದ್ದರೂ ಭಯವಿಲ್ಲ.
ಸತ್ಯ: ಕಾವೇರಿ, ತುಂಗೆಯಲ್ಲಿ ಈಜಿ ಬೆಳೆದವರು ಇಲ್ಲೇ ಮೋಸಹೋಗುವುದು. ಕೊರೆಯುವ ನೀರು ಮೈಗೆ ತಾಗಿದೊಡನೆ ಬಾಯಿ ತಾನಾಗಿ ತೆರೆದು ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಆ ಕ್ಷಣ ತಲೆ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರು. ರಕ್ಷಣಾ ತರಬೇತಿಯಲ್ಲಿ ಇದಕ್ಕೆ 1-10-1 ಎಂಬ ಸೂತ್ರವಿದೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು 10 ನಿಮಿಷ, ಮೈಕಾವು ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಎಂಥ ಈಜುಗಾರನಾದರೂ ಆ ಹತ್ತು ನಿಮಿಷ ಕಳೆದರೆ ತೋಳು ಎತ್ತಲಾರ. ಲೈಫ್ ಜಾಕೆಟ್ ಧರಿಸಿದ್ದರೆ ಮಾತ್ರ ಮುಖ ನೀರಿನ ಮೇಲಿರುತ್ತದೆ.

ತಪ್ಪು ಕಲ್ಪನೆ: ಚಳಿಗೆ ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ.
ಸತ್ಯ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹೊರಗೆ ಬೆಚ್ಚಗೆನಿಸುತ್ತದೆ, ಒಳಗಿನ ಕಾವು ಸೋರಿಹೋಗುತ್ತದೆ. ನೆನೆದವರಿಗೆ ಬೇಕಾದದ್ದು ಒಣ ಬಟ್ಟೆ ಮತ್ತು ಬಿಸಿಯಾದ ಸಿಹಿ ಪಾನೀಯ.

ಇಲ್ಲಿ ಮೊಬೈಲ್ ಸಿಗ್ನಲ್ ಸಿಗದು, ಹವೆ ಕೆಟ್ಟರೆ ವಿಮಾನ ಬರದು. ಉಪಗ್ರಹ ಫೋನ್ ಮತ್ತು ಕೆಲವು ದಿನಗಳ ಹೆಚ್ಚುವರಿ ಆಹಾರ ಜೊತೆಗಿರಲಿ. ದೋಣಿಗೆ ಕಾಲಿಡುವ ಮುನ್ನ ಲೈಫ್ ಜಾಕೆಟ್ ಹಾಕಿ, ಅದರ ಬಕಲ್‌ಗಳನ್ನೆಲ್ಲ ಬಿಗಿಮಾಡಿಕೊಳ್ಳಿ.