ಜಗಲಿಯಿಲ್ಲದ ಸಭೆಗೆ ಸ್ವಾಗತ

1951ರ ಬೇಸಗೆಯಲ್ಲಿ ಅಮೆರಿಕದ ಕೊಲೊರಾಡೊ ಸಂಸ್ಥಾನದ ಆಸ್ಪೆನ್ ಎಂಬ ಪರ್ವತಪುರದಲ್ಲಿ, ರಟ್ಟಿನ ಪೆಟ್ಟಿಗೆಗಳ ಉದ್ಯಮಿ ವಾಲ್ಟರ್ ಪೆಪ್ಕಿಯವರು ವಿನ್ಯಾಸಕಾರರನ್ನೂ ವಾಣಿಜ್ಯ ಸಂಸ್ಥೆಗಳ ಮುಖ್ಯಸ್ಥರನ್ನೂ ಒಂದೆಡೆ ಸೇರಿಸಿ, ಉದ್ಯಮದ ಆಡಳಿತದಲ್ಲಿ ವಿನ್ಯಾಸದ ಪಾತ್ರವೇನೆಂಬುದನ್ನು ಚರ್ಚೆಗಿಟ್ಟಾಗ, ಅತಿಥಿಗಳ ಸ್ವಾಗತಕ್ಕೆಂದು ಬಹಳ ಮಾತು ವೆಚ್ಚಮಾಡಬೇಕಾದ ಅಗತ್ಯ ಅವರಿಗೆ ಇದ್ದಿರಲಾರದು. ಬೆಳ್ಳಿಯ ಗಣಿಗಾರಿಕೆ ಕುಸಿದ ಮೇಲೆ ದೀರ್ಘಕಾಲ ಸೊರಗಿದ್ದ ಆ ಊರಿನ ಸುತ್ತಣ ಶಿಖರಗಳು, ಸುಮಾರು 2,400 ಮೀಟರು ಎತ್ತರದ ತಂಗಾಳಿ, 1949ರಲ್ಲಿ ಗಯಟೆ ಕವಿಯ ದ್ವಿಶತಮಾನೋತ್ಸವಕ್ಕೆಂದು ವಾಸ್ತುಶಿಲ್ಪಿ ಈರೊ ಸಾರಿನೆನ್ ರಚಿಸಿದ್ದ ವಿಶಾಲವಾದ ಡೇರೆ, ಇವೆಲ್ಲವೂ ಕೂಡಿ ಆತಿಥೇಯನ ಅರ್ಧ ಕೆಲಸವನ್ನು ಆತ ಬಾಯಿ ತೆರೆಯುವ ಮೊದಲೇ ಮುಗಿಸಿಬಿಡುವಂಥವು. ವೃತ್ತಿಪರ ವಿನ್ಯಾಸ ಸಮ್ಮೇಳನವೆಂಬ ಪರಂಪರೆ ಬಲಿತುದು ಇಂತಹ ಸ್ಥಳಮಹಿಮೆಯ ಆಸರೆಯಲ್ಲಿ. ಅದೊಂದೇ ಸಾಲದೆಂಬುದು 1970ರಲ್ಲಿ ತಿಳಿದುಬಂತು. ಖ್ಯಾತನಾಮರು ಉಪನ್ಯಾಸಮಾಡುವುದೂ ಮಿಕ್ಕವರು ಮೌನವಾಗಿ ಆಲಿಸುವುದೂ ಎಂಬ ಏರ್ಪಾಡನ್ನೇ ಪರಿಸರವಾದಿಗಳೂ ವಿದ್ಯಾರ್ಥಿಗಳೂ ಆ ವರ್ಷ ಅಲ್ಲಿ ಪ್ರತಿಭಟಿಸಿದರು.

ದೂರದಲ್ಲಿರುವವನನ್ನು ಸಭೆಯ ಕಣ್ಣೆದುರಿಗೆ ತರುವ ವಿದ್ಯೆಯಾದರೋ ಬೇರೆ ಮಾರ್ಗದಿಂದ ಬಂತು. 1968ರ ಡಿಸೆಂಬರ್ 9ರಂದು ಗಣಕ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಗಣಕತಜ್ಞರ ಮುಂದೆ ನಿಂತು, ಸುಮಾರು 48 ಕಿಲೋಮೀಟರು ದೂರದ ಮೆನ್ಲೊ ಪಾರ್ಕಿನಲ್ಲಿ ಕುಳಿತಿದ್ದ ಸಹೋದ್ಯೋಗಿಯ ಮುಖವನ್ನು ಪರದೆಯ ಮೇಲೆ ಮೂಡಿಸಿ, ಇಬ್ಬರೂ ಒಂದೇ ಬರಹವನ್ನು ಏಕಕಾಲದಲ್ಲಿ ನೋಡುತ್ತ ಮಾತನಾಡಬಹುದೆಂದು ತೋರಿಸಿದರು. ಗಮನಿಸಬೇಕಾದುದೇನೆಂದರೆ, ಆ ಪರದೆಗೆ ಬಂದಾತ ಜೊತೆಗೆಲಸಗಾರನೇ ಹೊರತು ಅತಿಥಿಯಲ್ಲ. ಆತನಿಗೆ ಉಪಚಾರ ಬೇಕಿರಲಿಲ್ಲ. ಈ ಬೀಜದಿಂದ ಬೆಳೆದ ಸಭಾತಂತ್ರಾಂಶಗಳೆಲ್ಲ ಕೆಲಸಕ್ಕಾಗಿ ಹುಟ್ಟಿದವುಗಳಾದುದರಿಂದ, ಅವು ಜಗಲಿಯಿಲ್ಲದೆ ಕಟ್ಟಿದ ಮನೆಗಳಾದವು. ಒಳಕ್ಕೆ ಕಾಲಿಟ್ಟವನು ನೇರವಾಗಿ ನಡುಮನೆಯಲ್ಲಿಯೇ ನಿಲ್ಲುತ್ತಾನೆ.

ಈ ಕೊರತೆ ಎದ್ದುಕಂಡುದು 2020ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ವಿನ್ಯಾಸ ತಂತ್ರಾಂಶದ ಫಿಗ್ಮಾ ಸಂಸ್ಥೆಯು ತನ್ನ ಪ್ರಥಮ ಕಾನ್ಫಿಗ್ ಸಮ್ಮೇಳನವನ್ನು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮುಖಾಮುಖಿಯಾಗಿಯೇ ನಡೆಸಿತ್ತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ಡನ್ನು ಮಹಾಮಾರಿಯೆಂದು ಘೋಷಿಸಿತು. ಅಕ್ಟೋಬರ್ ತಿಂಗಳಲ್ಲಿ ಅಂತಹದೇ ಇನ್ನೊಂದು ಸಂಸ್ಥೆಯಾದ ಅಡೋಬಿಯ ಮ್ಯಾಕ್ಸ್ ಸಮ್ಮೇಳನವು ಸಂಪೂರ್ಣವಾಗಿ ಪರದೆಗೆ ಸರಿದು, ಪ್ರವೇಶಶುಲ್ಕವನ್ನೂ ಕೈಬಿಟ್ಟಿತು.

ವೇದಿಕೆಯಿಲ್ಲದ ಈ ಸಭೆಗಳಲ್ಲಿ ಸ್ವಾಗತವೇ ಒಂದು ವಿನ್ಯಾಸಕಾರ್ಯವಾಯಿತು. ಆರಂಭಕ್ಕೆ ಮುಂಚೆ ಸಂಗೀತದೊಡನೆ ಇಳಿಯುವ ನಿಮಿಷಗಳ ಎಣಿಕೆ, ಎಲ್ಲಿಂದ ಸೇರಿದ್ದೀರೆಂಬ ಪ್ರಶ್ನೆ, ಅದಕ್ಕುತ್ತರವಾಗಿ ಓದುವುದಕ್ಕೂ ಬಿಡುವಿಲ್ಲದಂತೆ ಚಾಟ್‌ನಲ್ಲಿ ಹರಿಯುವ ಊರುಗಳ ಹೆಸರು, ಇವೆಲ್ಲ ನನ್ನ ಮಟ್ಟಿಗೆ ತೋರಣ ಮಾತ್ರ. ಮಾತು ಕೇಳಿಸದವನಿಗೆ ಪರದೆಯ ಕೆಳಗಣ ಅಕ್ಷರಸಾಲು, ಕ್ಯಾಮೆರಾ ಮುಚ್ಚಿಕೊಂಡಿದ್ದರೂ ಅಡ್ಡಿಯಿಲ್ಲವೆಂಬ ಅಭಯ, ನಿದ್ದೆ ಕೆಡಿಸಿಕೊಳ್ಳದೆ ಮರುದಿನ ನೋಡಲೊದಗುವ ದೃಶ್ಯಮುದ್ರಿಕೆ, ನಿಜವಾದ ಸತ್ಕಾರವೆಂದರೆ ಇವು. ಕ್ಯಾಲಿಫೋರ್ನಿಯದ ಬೇಸಗೆಯ ಬೆಳಗ್ಗೆ ಹತ್ತು ಗಂಟೆಗೆ ನಿರೂಪಕಿ ಶುಭೋದಯ ಕೋರುವಾಗ ಬೆಂಗಳೂರಿನ ವಿನ್ಯಾಸಕಾರನ ಗಡಿಯಾರದಲ್ಲಿ ರಾತ್ರಿ ಹತ್ತೂವರೆ. ಆತನನ್ನು ನೆನೆದು ಆಕೆ ಒಂದು ಮಾತು ಸೇರಿಸುವಳೋ ಇಲ್ಲವೋ ಎಂಬುದರಲ್ಲಿ ಆ ಸಭೆಯ ಸೌಜನ್ಯವೆಲ್ಲ ಬಯಲಾಗುತ್ತದೆ.

2023ರಲ್ಲಿ ಕಾನ್ಫಿಗ್ ಮರಳಿ ಸ್ಯಾನ್‌ಫ್ರಾನ್ಸಿಸ್ಕೊದ ಸಭಾಂಗಣ ಸೇರಿತಾದರೂ ಪರದೆಯನ್ನು ಬಿಡಲಿಲ್ಲ. ಹೀಗಾಗಿ ಈಗಣ ನಿರೂಪಕರಿಗೆ ಒಂದೇ ಉಸಿರಿನಲ್ಲಿ ಎರಡು ಸಭೆಗಳನ್ನು ಬರಮಾಡಿಕೊಳ್ಳುವ ಹೊಣೆ. ಚಪ್ಪಾಳೆ ತಟ್ಟುವವರು ಎದುರಿಗೇ ಇರುವಾಗ ಕ್ಯಾಮೆರಾದ ಕಡೆ ಕಣ್ಣು ತಿರುಗಿಸುವುದನ್ನು ಅನೇಕರು ಇನ್ನೂ ರೂಢಿಸಿಕೊಂಡಿಲ್ಲ.