ಒಂದು ಹುರುಳಿಕಾಳು ಹೇಳುವ ಇತಿಹಾಸ

ಕಾಸರಗೋಡಿನಂತೆಯೇ ಕರ್ನಾಟಕದ ಹೊರಗುಳಿದ ಕನ್ನಡ ನೆಲಗಳಲ್ಲಿ ಅನಂತಪುರ ಸೀಮೆಯ ರಾಯದುರ್ಗ, ಮಡಕಶಿರಾಗಳೂ ಸೇರಿವೆ. ಅಲ್ಲಿಯ ಭಾಷೆಯ ಪ್ರಶ್ನೆ ನಮಗೆ ಗೊತ್ತು. ಮಣ್ಣಿನ ಕಥೆ ಬಲ್ಲವರು ವಿರಳ.

ಈ ಎರಡು ಊರುಗಳ ನಡುವಿನ ಕಲ್ಯಾಣದುರ್ಗ ಸೀಮೆಯ ಪಾಲವಾಯಿಯಲ್ಲೂ, ಪಕ್ಕದ ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲುಗಳಲ್ಲೂ ಬೂದಿದಿಬ್ಬಗಳಿವೆ. ರಕ್ಕಸರನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದರು. ಅದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಯೆಂಬುದು ಈಗ ಖಚಿತ. 1957ರಲ್ಲಿ ಮಹಬೂಬನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಅಗೆದ ಆಲ್ಚಿನ್ನರಿಗೆ ದನಗಳ ಗೊರಸಿನ ಗುರುತುಗಳೇ ಸಿಕ್ಕಿದವು.

ಹಾಗಾದರೆ ಇವು ಎಷ್ಟು ಹಳೆಯವು? ಉತ್ತರ ಇಂಗಾಲದಲ್ಲಿದೆ. ಜೀವಿಗಳು ಬದುಕಿರುವಾಗ ವಾತಾವರಣದಿಂದ ಇಂಗಾಲ-14 ಎಂಬ ವಿಕಿರಣಶೀಲ ಪರಮಾಣುಗಳನ್ನು ಪಡೆಯುತ್ತವೆ. ಸತ್ತ ಮೇಲೆ ಅದು ಕ್ಷಯಿಸುತ್ತಾ 5730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಉಳಿದುದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಈ ವಿಧಾನಕ್ಕಾಗಿ ಲಿಬಿ 1960ರಲ್ಲಿ ನೊಬೆಲ್ ಪಡೆದರು.

ಹಳೆಯ ಕ್ರಮದಲ್ಲಿ ಪರಮಾಣು ಕ್ಷಯಿಸುವುದನ್ನೇ ಕಾದು ಎಣಿಸಬೇಕಿತ್ತು. ಅದಕ್ಕೆ ಗ್ರಾಂಗಟ್ಟಲೆ ಇದ್ದಿಲು ಬೇಕು. ಇದ್ದಿಲಿಗೊಂದು ದೋಷವೂ ಉಂಟು: ಮುದಿಮರದ ತಿರುಳಾದರೆ ಒಲೆ ಉರಿದ ಕಾಲಕ್ಕಿಂತ ಹಿಂದಿನ ತಾರೀಖನ್ನು ಹೇಳೀತು. 1977ರಲ್ಲಿ ಮೊದಲಾದ ವೇಗವರ್ಧಕ ದ್ರವ್ಯರಾಶಿ ರೋಹಿತಮಾಪನವು ಪರಮಾಣುಗಳನ್ನು ವೇಗದಿಂದ ಹಾಯಿಸಿ, ತೂಕದಂತೆ ಬೇರ್ಪಡಿಸಿ, ಇಂಗಾಲ-14ನ್ನು ನೇರವಾಗಿ ಎಣಿಸುತ್ತದೆ. ಕೆಮ್ಮಿದ ಮಕ್ಕಳನ್ನಷ್ಟೇ ಲೆಕ್ಕ ಹಾಕುವ ಬದಲು ತರಗತಿಯ ಹಾಜರಿಯನ್ನೇ ಕರೆದಂತೆ! ಒಂದು ಮಿಲಿಗ್ರಾಂ ಇಂಗಾಲವೇ ಸಾಕು. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲೂ ಈ ಯಂತ್ರವಿದೆ.

ಇದರಿಂದ ಕರಿದ ಒಂದು ಕಾಳೂ ಸಾಕ್ಷಿಯಾಯಿತು. ಕಾಳು ಬೆಳೆಯುವುದು ಒಂದೇ ಹಂಗಾಮಿನಲ್ಲಿ. ಅದರ ವಯಸ್ಸೇ ಆ ಊಟದ ವಯಸ್ಸು. ಧಾರವಾಡದ ರವಿ ಕೊರಿಶೆಟ್ಟರ್, ಫುಲ್ಲರ್, ಬೋಯ್ವಿನ್ ಅವರು 2007ರಲ್ಲಿ ದಕ್ಷಿಣದ ನವಶಿಲಾಯುಗದ ಇಂತಹ ಕಾಲಗಣನೆಯನ್ನು ಪ್ರಕಟಿಸಿದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿಯೇ ಹುರುಳಿ, ಹೆಸರು, ಕೊರಲೆಗಳು ಈ ಬಯಲುಸೀಮೆಯ ಆಹಾರವಾಗಿದ್ದವು. ಮಡಕಶಿರಾ ಕಡೆಯ ಒಣಹೊಲದ ರೈತನಿಗೆ ಹುರುಳಿ ಇಂದಿಗೂ ಹೊಸದಲ್ಲ.

ಆದರೆ ಸಾಕ್ಷಿಯೇ ಕರಗುತ್ತಿದೆ. ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಗಾಡಿಗಳಲ್ಲಿ ಸಾಗಿಸಿದ್ದುಂಟು; ಸಂಗನಕಲ್ಲು ಪರಿಸರದ ಬೆಟ್ಟಗಳನ್ನು ಕಲ್ಲುಗಣಿಗಾರಿಕೆ ತಿಂದಿದೆ. ಒಂದು ಕಾಳಿನಿಂದ ಕಾಲವನ್ನು ಓದಬಲ್ಲ ಯಂತ್ರ ನಮ್ಮ ದೇಶದಲ್ಲೇ ಇರುವಾಗ, ಆ ಕಾಳು ಇದ್ದ ಮಣ್ಣನ್ನೇ ಕಳೆದುಕೊಳ್ಳುವುದು ಎಂತಹ ವಿಪರ್ಯಾಸ! ಗಡಿಗಳು ಬರುವ ಮೊದಲೇ ಈ ನೆಲದಲ್ಲಿ ಉತ್ತು ಬಿತ್ತಿದವರ ಲೆಕ್ಕಪುಸ್ತಕವದು. ಅದನ್ನು ಕಾಯುವುದು ಗಡಿಯ ಎರಡೂ ಬದಿಯವರ ಹೊಣೆ.