ಹಿಮದ ನಾಡಿನಲ್ಲೊಂದು ಹಳೆಯ ಮನೆ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಚಳಿಯೇನು ಹೊಸದೇ ಎಂಬ ಸಣ್ಣದೊಂದು ಜಂಬದೊಡನೆ ನಾನು ಈ ದೇಶಕ್ಕೆ ಬಂದೆ. ಆಷಾಢದ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಶಾಲೆಗೆ ನಡೆದವನು, ಸಂಜೆ ಬಚ್ಚಲೊಲೆಯ ಮುಂದೆ ಕುಳಿತು ಮೈ ಕಾಯಿಸಿಕೊಂಡವನು ಚಳಿಗೆ ಅಂಜುವುದುಂಟೆ? ಆ ಜಂಬವನ್ನು ಇಳಿಸಿದ್ದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಸಮೀಪದಲ್ಲಿ 1992ರಲ್ಲಿ ನಾವು ಕೊಂಡ ಮನೆ. ಒಂಟೇರಿಯೋ ಸರೋವರದ ಮೇಲಿಂದ ತೇವ ಹೊತ್ತು ಬರುವ ಗಾಳಿ ಆ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ಹತ್ತಡಿಗಳಷ್ಟು ಹಿಮವನ್ನು ಸುರಿಸುತ್ತದೆ. ನವೆಂಬರಿನಲ್ಲಿ ಬಿದ್ದ ಹಿಮ ಕೆಲವು ವರ್ಷ ಏಪ್ರಿಲಿನಲ್ಲೂ ಬೇಲಿಯ ಬುಡದಲ್ಲಿ ಉಳಿದಿರುತ್ತದೆ.

ಮನೆ 1912ರಷ್ಟು ಹಳೆಯದು. ಮರದ ಚೌಕಟ್ಟಿನ ಎರಡು ಅಂತಸ್ತು. ನೆಲಮಾಳಿಗೆಯಲ್ಲಿ ಎಣ್ಣೆ ಉರಿಸುವ ಬಾಯ್ಲರ್. ಅದರಿಂದ ಬಿಸಿನೀರು ಹರಿಯುವ ರೇಡಿಯೇಟರುಗಳಿದ್ದುದು ಕೆಳ ಅಂತಸ್ತಿನಲ್ಲಿ ಮಾತ್ರ. ಮೇಲಿನ ಮೂರು ಕೋಣೆಗಳಿಗೆ ನೆಲದಲ್ಲಿ ಕೂರಿಸಿದ ಕಬ್ಬಿಣದ ಜಾಲರಿಯ ಮೂಲಕ ಎಷ್ಟು ಬಿಸಿ ಏರಿ ಬಂದರೆ ಅಷ್ಟೇ ಗತಿ. ಬೆಲೆ ನಮ್ಮ ಕೈಗೆ ಎಟುಕುವಂತಿತ್ತು. ಏಕೆ ಎಟುಕುವಂತಿತ್ತೆಂಬುದು ಡಿಸೆಂಬರಿನಲ್ಲಿ ತಿಳಿಯಿತು.

ಮೊದಲ ಚಳಿಗಾಲದಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಥರ್ಮೋಸ್ಟಾಟನ್ನು ಮೇಲೇರಿಸಿದೆ. ಎಣ್ಣೆಯ ಲಾರಿ ತಿಂಗಳಿಗೊಮ್ಮೆ ಬರುತ್ತಿದ್ದುದು ಮೂರು ವಾರಕ್ಕೊಮ್ಮೆ ಬರತೊಡಗಿತೇ ಹೊರತು ಕಾಲ ಬೆರಳುಗಳು ಬೆಚ್ಚಗಾಗಲಿಲ್ಲ. ಕಿಟಕಿಗಳೇ ಕಾರಣವೆಂದು ಬಗೆದು ಅವುಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ತಕ್ಕಮಟ್ಟಿಗೆ ಗುಣ ಕಂಡರೂ ಕಾಯಿಲೆಯ ಮೂಲ ಬೇರೆಲ್ಲೋ ಇತ್ತು.

ಆ ಮೂಲವನ್ನು ಕಂಡುಹಿಡಿದವರು ನನ್ನ ತಾಯಿ. 1993ರ ಶರತ್ಕಾಲದಲ್ಲಿ ಅವರು ನಮ್ಮೊಡನಿರಲು ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಿಂದ ಬಂದರು. ಮೇಲಂತಸ್ತಿನಲ್ಲಿ ಅಟ್ಟದ ಬಾಗಿಲ ಪಕ್ಕದ ಮೂಲೆ ದೇವರ ಗೂಡಾಯಿತು. ಒಂದು ಬೆಳಿಗ್ಗೆ ಪೂಜೆ ಮುಗಿಸಿದ ಅಮ್ಮ ನನ್ನನ್ನು ಕರೆದರು. "ಇಲ್ಲಿ ನೋಡೋ, ಊದುಬತ್ತಿ ಹೊಗೆ ದೇವರ ಕಡೆಗೇ ಹೋಗ್ತಾ ಇಲ್ಲ. ಬಾಗಿಲ ಸಂದೀಲಿ ನುಗ್ಗಿ ಅಟ್ಟಕ್ಕೆ ಹೋಗ್ತಿದೆ." ನಿಜವೇ. ಹೊಗೆಯ ಎಳೆ ಯಾರೋ ದಾರ ಹಿಡಿದು ಎಳೆದಂತೆ ಬಾಗಿಲ ಸಂದಿಯೊಳಗೆ ಮಾಯವಾಗುತ್ತಿತ್ತು. ಅದೇ ಊದುಬತ್ತಿಯನ್ನು ಹಿಡಿದು ನಾನು ಇಡೀ ಮನೆ ಸುತ್ತಿದೆ. ನೆಲಮಾಳಿಗೆಯಲ್ಲಿ ಕಲ್ಲಿನ ತಳಪಾಯದ ಮೇಲೆ ಮರದ ತೊಲೆ ಕೂರುವ ಜಾಗದಲ್ಲಿ ಹೊರಗಿನ ಗಾಳಿ ಹೊಗೆಯನ್ನು ಒಳಕ್ಕೆ ತಳ್ಳುತ್ತಿತ್ತು. ಅಟ್ಟದ ಬಳಿ ಅದು ಹೊರಕ್ಕೆ ಹೋಗುತ್ತಿತ್ತು.

ಇದರ ಹಿಂದಿನ ತತ್ತ್ವ ಸರಳವಾದುದು. ಬಿಸಿಗಾಳಿ ಹಗುರ; ಅದು ಮೇಲೇರಿ ಸಿಕ್ಕ ಸಂದಿಯಿಂದ ಹೊರಬೀಳುತ್ತದೆ. ಹೋದಷ್ಟು ಗಾಳಿಯ ಸ್ಥಾನವನ್ನು ತುಂಬಲು ಅಷ್ಟೇ ತಣ್ಣನೆಯ ಗಾಳಿ ಬುಡದಿಂದ ಒಳಬರುತ್ತದೆ. ಇಡೀ ಮನೆಯೇ ಒಂದು ಹೊಗೆಕೊಳವೆಯಾಗುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ, ಒಳಗೆ ನಾವು ಬಿಸಿ ಹೆಚ್ಚಿಸಿದಷ್ಟೂ ಈ ಸೆಳೆತ ಬಲವಾಗುತ್ತದೆ. ಹಳೆಯ ಮನೆಗಳಲ್ಲಿ ಇದಕ್ಕೆ ಇನ್ನೊಂದು ಅನುಕೂಲವೂ ಉಂಟು. ಹತ್ತೊಂಬತ್ತನೆಯ ಶತಮಾನದಿಂದ 1930ರ ಸುಮಾರಿನವರೆಗೆ ಅಮೆರಿಕದಲ್ಲಿ ಬಳಕೆಯಲ್ಲಿದ್ದ 'ಬಲೂನ್' ಪದ್ಧತಿಯ ಚೌಕಟ್ಟಿನಲ್ಲಿ ಗೋಡೆಯೊಳಗಿನ ಮರದ ಕಂಬಗಳು ತಳಪಾಯದಿಂದ ಸೂರಿನವರೆಗೆ ಅಖಂಡವಾಗಿ ನಿಲ್ಲುತ್ತವೆ. ಎರಡು ಕಂಬಗಳ ನಡುವಿನ ಪ್ರತಿಯೊಂದು ಟೊಳ್ಳೂ ನೆಲಮಾಳಿಗೆಯಿಂದ ಅಟ್ಟಕ್ಕೆ ತೆರೆದ ಕೊಳವೆ. ನಾವು ದುಡ್ಡು ಕೊಟ್ಟು ಕಾಯಿಸಿದ ಗಾಳಿ ಆ ಕೊಳವೆಗಳಲ್ಲಿ ಹರಿದು ಆಕಾಶ ಸೇರುತ್ತಿತ್ತು.

ಆದ್ದರಿಂದ ಹಳೆಯ ಮನೆಯಲ್ಲಿ ಕೆಲಸದ ಕ್ರಮ ಹೀಗಿರಬೇಕು: ಮೊದಲು ಮನೆಯ ತಲೆ, ಆಮೇಲೆ ಪಾದ, ಕೊನೆಗೆ ಕಿಟಕಿ. ಆ ಅಕ್ಟೋಬರಿನಲ್ಲಿ ನಾನೂ ನನ್ನ ಪತ್ನಿಯೂ ಅಟ್ಟದ ಬಾಗಿಲಿನ ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿದೆವು. ಗೋಡೆಯ ಟೊಳ್ಳುಗಳ ಬಾಯಿಗಳನ್ನು ಮೇಲೂ ಕೆಳಗೂ ಮುಚ್ಚಿದೆವು. ತಳಪಾಯದ ಬಿರುಕುಗಳಿಗೆ ಅಂಟು ತುಂಬಿದೆವು. ಸಂದಿಗಳನ್ನು ಮುಚ್ಚಿದ ಮೇಲೆ ಅಟ್ಟದ ನೆಲಕ್ಕೆ ಇನ್ಸುಲೇಶನ್ ಹಾಸಿದೆವು. ಚೂರುಮಾಡಿದ ಹಳೆಯ ವೃತ್ತಪತ್ರಿಕೆಗಳಿಗೆ ಬೆಂಕಿ ತಗಲದಂತೆ ಬೋರೇಟ್ ಬೆರೆಸಿ ತಯಾರಿಸುವ ಸೆಲ್ಯುಲೋಸ್ ಅದು. ಉತ್ತರದ ಚಳಿಸೀಮೆಗಳ ಅಟ್ಟಗಳಿಗೆ ಇಂದು ಆರ್-49ರಿಂದ ಆರ್-60ರವರೆಗಿನ ನಿರೋಧಕ ಶಕ್ತಿಯನ್ನು ಸೂಚಿಸುತ್ತಾರೆ; ಸೆಲ್ಯುಲೋಸಿನಲ್ಲಾದರೆ ಇದು ಒಂದೂಕಾಲು ಅಡಿಯಿಂದ ಒಂದೂವರೆ ಅಡಿ ದಪ್ಪದ ಹಾಸು. ಒಂಟಿ ಗಾಜಿನ ಕಿಟಕಿಯ ಶಕ್ತಿ ಆರ್-1ರ ಆಸುಪಾಸು ಮಾತ್ರ. ಹೊರಗಿನಿಂದ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದರೆ ಸುಮಾರು ಇಮ್ಮಡಿಯಾಗುತ್ತದೆ.

ಎಣ್ಣೆಯ ಲಾರಿ ಅಪರೂಪವಾಯಿತು. ನಾನು ಬೀಗಿದೆ. ಆ ಬೀಗುವಿಕೆಯಲ್ಲೇ ನಮ್ಮ ಮನೆಯ ಬಹುದೊಡ್ಡ ಅಪಾಯ ಹುದುಗಿತ್ತು.

1994ರ ಜನವರಿಯಲ್ಲಿ ಅಮೆರಿಕದ ಪೂರ್ವಭಾಗವನ್ನು ಕಠಿಣವಾದ ಚಳಿ ಆವರಿಸಿತು. ಅಂಥದೊಂದು ಮುಸ್ಸಂಜೆ ಬಾಯ್ಲರ್ ನಿಂತುಹೋಯಿತು. ರಿಪೇರಿಯವರು ಬರುವುದು ಮರುದಿನ ಬೆಳಿಗ್ಗೆಯೇ ಎಂದರು. ಎಲ್ಲರೂ ಅಮ್ಮನ ಕೋಣೆಯಲ್ಲಿ ಸೇರಿ ಬಾಗಿಲ ಬುಡಕ್ಕೆ ಟವೆಲ್ ತುರುಕಿದೆವು. "ಊರಲ್ಲಾಗಿದ್ರೆ ಅಗ್ಗಿಷ್ಟಿಕೇಲಿ ಒಂದಿಷ್ಟು ಕೆಂಡ ಇಟ್ಕೊಂಡಿದ್ರೆ ಸಾಕಿತ್ತು ಕಣೋ" ಎಂದರು ಅಮ್ಮ. ಬೇಸಿಗೆಯ ಅಡುಗೆಗೆಂದು ತಂದ ಇದ್ದಿಲು ಮನೆಯಲ್ಲಿತ್ತು. ಹೊರಗಿನ ಜಗುಲಿಯಲ್ಲಿ ಅದನ್ನು ಹೊತ್ತಿಸಿ, ಹೊಗೆಯಡಗಿ ಕೆಂಪಾದ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಒಳಗೆ ತಂದಿಟ್ಟೆ. ಕೋಣೆ ಬೆಚ್ಚಗಾಯಿತು. ಅಮ್ಮನ ಮುಖದಲ್ಲಿ ಬಂದಾಗಿನಿಂದ ಕಾಣದಿದ್ದ ನೆಮ್ಮದಿ ಕಂಡಿತು. ಗಂಟೆ ಕಳೆಯುವಷ್ಟರಲ್ಲಿ ಮಗಳು ತಲೆನೋವೆಂದಳು, ಮಗ ತೂಕಡಿಸಿದ, ಅಮ್ಮನಿಗೆ ಹೊಟ್ಟೆ ತೊಳಸಿತು. ಇವೆಲ್ಲ ಚಳಿಯ ಉಪದ್ರವವೆಂದೇ ತಿಳಿದು ನಾನು ಇನ್ನಷ್ಟು ಇದ್ದಿಲು ತರಲೆದ್ದೆ.

ಆಗ ಬಾಗಿಲು ಬಡಿದ ಸದ್ದಾಯಿತು. ನೆರೆಮನೆಯ ವೃದ್ಧೆ. ನಮ್ಮ ಚಿಮಣಿಯಿಂದ ಉಗಿ ಏಳುತ್ತಿಲ್ಲವೆಂದು ಬೀದಿದೀಪದ ಬೆಳಕಿನಲ್ಲಿ ಗಮನಿಸಿ ವಿಚಾರಿಸಲು ಬಂದಿದ್ದರು. ಕೋಣೆಯೊಳಗೆ ಇಣುಕಿ ಬಾಣಲೆಯನ್ನು ನೋಡಿದವರೇ ಏನೊಂದೂ ಮಾತಾಡದೆ ಕಿಟಕಿಯನ್ನು ಮೇಲೆತ್ತಿದರು. ಅಂಟಿಸಿದ್ದ ಪ್ಲಾಸ್ಟಿಕ್ ಹರಿದುಬಂತು. ಹಿಮದಲ್ಲಿ ನಮ್ಮೆಲ್ಲರನ್ನೂ ಹೊರಡಿಸಿ ತಮ್ಮ ಮನೆಗೆ ಕರೆದೊಯ್ದರು. ಆ ರಾತ್ರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಮ್ಮನಿಗೂ ಮಕ್ಕಳಿಗೂ ಆಮ್ಲಜನಕ ಕೊಟ್ಟರು. "ನಾನು ಹೇಳಿದ್ದರಿಂದಲೇ ಹೀಗಾಯ್ತು" ಎಂದು ಅಮ್ಮ ಬಹಳ ದಿನ ಕೊರಗಿದರು. ತಪ್ಪು ಅವರದಲ್ಲ, ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ನನ್ನದು.

ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂಬ ನಮ್ಮ ಎಣಿಕೆಯೇ ಸುಳ್ಳು. ಹಾಗಾದರೆ ಊರಿನ ಮನೆಯಲ್ಲಿ ತಲೆಮಾರುಗಳು ಅಗ್ಗಿಷ್ಟಿಕೆಯ ಸುತ್ತ ಕುಳಿತದ್ದು ಹೇಗೆ? ಅಲ್ಲಿಯೂ ಅಪಾಯ ಇಲ್ಲದಿರಲಿಲ್ಲ; ಆದರೆ ನಾಡಹೆಂಚಿನ ಮಾಡಿನ ನೂರಾರು ಸಂದಿಗಳು ಹಗಲಿರುಳೂ ಗಾಳಿಯಾಡಿಸುತ್ತಿದ್ದವು. ಇಲ್ಲಿ ಆ ಸಂದಿಗಳನ್ನೆಲ್ಲ ಅಕ್ಟೋಬರಿನಲ್ಲಿ ಮುಚ್ಚಿದವನು ನಾನೇ. ಅಲ್ಲಿನ ಬೆಂಕಿಯನ್ನು ಇಲ್ಲಿಗೆ ತಂದೆ. ಅಲ್ಲಿನ ಮಾಡನ್ನು ತರಲಿಲ್ಲ.

ಅಂದು ಕಲಿತ ಪಾಠವೇ ಈ ಲೇಖನದ ತಿರುಳು: ಮನೆಯನ್ನು ಬಿಗಿಗೊಳಿಸಿದಷ್ಟೂ ಅದರೊಳಗಿನ ಉರಿಯ ಬಗ್ಗೆ ಎಚ್ಚರ ಹೆಚ್ಚಬೇಕು. ಇದ್ದಿಲನ್ನು ಒಳಗೆ ಹೊತ್ತಿಸಬಾರದು. ಅಡುಗೆಯ ಗ್ಯಾಸ್ ಒಲೆಯಿಂದ ಮನೆ ಕಾಯಿಸಬಾರದು. ವಿದ್ಯುತ್ ಹೋದಾಗ ಜನರೇಟರನ್ನು ಗ್ಯಾರೇಜಿನಲ್ಲಿ ನಡೆಸಬಾರದು. ಬಾಯ್ಲರಿಗೂ ಉಸಿರು ಬೇಕು. ಚಿಮಣಿಯ ಹೊಗೆ ಹಿಮ್ಮುಖವಾಗಿ ಮನೆಯೊಳಕ್ಕೆ ಬರುತ್ತಿಲ್ಲವೆಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ನ್ಯೂಯಾರ್ಕ್ ರಾಜ್ಯ 2010ರಿಂದ ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಗಂಟೆಯನ್ನು ಕಡ್ಡಾಯಗೊಳಿಸಿದೆ. ಕಾನೂನು ಇರಲಿ ಇಲ್ಲದಿರಲಿ, ಮಲಗುವ ಕೋಣೆಗಳ ಹತ್ತಿರ ಅದೊಂದು ಇರಲೇಬೇಕು.

ಸಂದಿಗಳನ್ನು ಮುಚ್ಚುವ ಮುನ್ನವೂ ಎರಡು ಎಚ್ಚರಗಳುಂಟು. ಪಿಂಗಾಣಿಯ ಗುಬುಟುಗಳ ಮೇಲೆ ಎಳೆದ ಹಳೆಯ ವಿದ್ಯುತ್ ತಂತಿ ಅಟ್ಟದಲ್ಲಿದ್ದರೆ ಅದರ ಮೇಲೆ ಇನ್ಸುಲೇಶನ್ ಹೊದಿಸಬಾರದು. ತಂತಿ ಬಿಸಿಯೇರಿ ಬೆಂಕಿ ಹೊತ್ತೀತು. ಅಟ್ಟದಲ್ಲಿ ಹೊಳಪುಳ್ಳ ಸಣ್ಣ ಹರಳುಗಳ ವರ್ಮಿಕ್ಯುಲೈಟ್ ಕಂಡರೆ ಕೆದಕಬಾರದು. ಅದರಲ್ಲಿ ಬಹುಪಾಲು 1990ರಲ್ಲಿ ಮುಚ್ಚಿದ ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದದ್ದು. ಆ ಗಣಿಯಲ್ಲಿ ಕಲ್ನಾರೂ ಬೆರೆತಿತ್ತು.

ಇನ್ನು ಮಿತವಾದ ಬಿಸಿಯಲ್ಲಿ ಬದುಕುವ ಬಗೆ. ಇಡೀ ಮನೆಯನ್ನು ಕಾಯಿಸುವುದಕ್ಕಿಂತ ಮನುಷ್ಯರನ್ನು ಕಾಯಿಸುವುದು ಅಗ್ಗ. ಒಂದು ಸಣ್ಣ ವಿದ್ಯುತ್ ಹೀಟರು 1500 ವಾಟ್ ಎಳೆದರೆ ವಿದ್ಯುತ್ ಹೊದಿಕೆ 100 ವಾಟಿನ ಆಸುಪಾಸಿನಲ್ಲಿ ಹಾಸಿಗೆಯನ್ನು ಬೆಚ್ಚಗಿಡುತ್ತದೆ. ಹೀಟರನ್ನು ಗೋಡೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸಿ, ಪರದೆ ಹಾಸಿಗೆಗಳಿಂದ ಮೂರಡಿ ದೂರವಿಡಬೇಕು. ರೇಡಿಯೇಟರಿನ ಮುಂದೆ ಸೋಫಾ ಇಡಬಾರದು. ಅದರೊಳಗೆ ಸಿಕ್ಕಿಕೊಂಡ ಗಾಳಿಯನ್ನು ಚಳಿಗಾಲದ ಆರಂಭದಲ್ಲಿ ಕೀಲಿ ತಿರುಗಿಸಿ ಹೊರಬಿಡಬೇಕು. ಬಿಸಿಲಿರುವಾಗ ದಕ್ಷಿಣದ ಪರದೆ ಸರಿಸಿ, ಸೂರ್ಯ ಇಳಿದೊಡನೆ ಮುಚ್ಚಬೇಕು. ದಿನಕ್ಕೆ ಎಂಟು ಗಂಟೆ ಥರ್ಮೋಸ್ಟಾಟನ್ನು 7ರಿಂದ 10 ಡಿಗ್ರಿ ಫ್ಯಾರನ್‌ಹೀಟಿನಷ್ಟು ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇಕಡಾ 10ರವರೆಗೆ ಉಳಿಯಬಹುದು. ಆದರೆ ಮನೆಯ ಯಾವ ಭಾಗವನ್ನೂ 55 ಡಿಗ್ರಿಗಿಂತ ಕೆಳಗಿಳಿಯಗೊಡಬಾರದು. ಹೊರಗೋಡೆಯ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆದರೆ ಉಳಿಸಿದ್ದೆಲ್ಲ ನೀರುಪಾಲು. ಕೊರೆವ ರಾತ್ರಿಗಳಲ್ಲಿ ಸಿಂಕಿನ ಕೆಳಗಿನ ಬೀರುವಿನ ಬಾಗಿಲು ತೆರೆದಿಟ್ಟು ನಲ್ಲಿಯನ್ನು ತೊಟ್ಟಿಕ್ಕಲು ಬಿಡುತ್ತೇವೆ. ನಮ್ಮ ಅಡುಗೆಯಲ್ಲಿ ಅನ್ನ, ಬೇಳೆ ಬೇಯುವ ಆವಿ ಹೆಚ್ಚು. ತಣ್ಣನೆಯ ಗೋಡೆಗೆ ಅದು ತಗಲಿದರೆ ಬೂಷ್ಟು ಹಿಡಿಯುತ್ತದೆ; ಅಡುಗೆಮನೆಯ ಫ್ಯಾನು ತಿರುಗಲೇಬೇಕು.

ಉಳಿತಾಯಕ್ಕೂ ಮಿತಿಯುಂಟು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚಳಿಗಾಲದ ಮನೆಗೆ 18 ಡಿಗ್ರಿ ಸೆಲ್ಸಿಯಸ್, ಎಂದರೆ ಸುಮಾರು 64 ಫ್ಯಾರನ್‌ಹೀಟ್, ಸೂಕ್ತವೆಂದು ಹೇಳಿ, ದುರ್ಬಲರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದಿತು. ಊರಿನಿಂದ ಬಂದ ತಂದೆತಾಯಿಗಳು "ನಮಗೇನೂ ಚಳಿಯಿಲ್ಲಪ್ಪಾ" ಎನ್ನುವುದು ಮಕ್ಕಳ ಖರ್ಚಿನ ಮೇಲಿನ ಕನಿಕರದಿಂದ. ಅವರ ಮಾತನ್ನು ನಂಬಬೇಡಿ; ಕೈ ಮುಟ್ಟಿ ನೋಡಿ.

ಆ ರಾತ್ರಿಯ ನಂತರ ಜನವರಿ, ಫೆಬ್ರವರಿಗಳಲ್ಲಿ ನಾವು ಮೇಲಂತಸ್ತನ್ನು ಮುಚ್ಚಿ ಐವರೂ ಕೆಳಗಿನ ಒಂದೇ ದೊಡ್ಡ ಕೋಣೆಯಲ್ಲಿ ಸಂಜೆಗಳನ್ನು ಕಳೆಯುವ ರೂಢಿಯಾಯಿತು. ಮಕ್ಕಳ ಮನೆಪಾಠ, ಅಮ್ಮನ ಬತ್ತಿ ಹೊಸೆಯುವಿಕೆ, ನನ್ನ ಲೆಕ್ಕಪತ್ರ ಎಲ್ಲವೂ ಒಂದೇ ದೀಪದಡಿ. ಅಜ್ಜಿಗೆ ಇಂಗ್ಲಿಷ್ ಬಾರದು. ಮಕ್ಕಳಿಗೆ ತಪ್ಪಿಸಿಕೊಳ್ಳಲು ಬೇರೆ ಬೆಚ್ಚನೆಯ ಕೋಣೆಯಿಲ್ಲ. ಆ ಎರಡು ತಿಂಗಳಲ್ಲಿ ಅವರು ಕಲಿತಷ್ಟು ಕನ್ನಡವನ್ನು ನಾನು ಭಾನುವಾರಗಳಂದು ನಡೆಸಿದ ಪಾಠಗಳು ಎಂದೂ ಕಲಿಸಿರಲಿಲ್ಲ.

ಇಂಧನದ ಅಭಾವ ಈ ದೇಶಕ್ಕೆ ಹೊಸತಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1977ರ ಫೆಬ್ರವರಿ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಉಣ್ಣೆಯ ಸ್ವೆಟರ್ ತೊಟ್ಟು ದೂರದರ್ಶನದಲ್ಲಿ ಕಾಣಿಸಿಕೊಂಡು, ಮನೆಗಳನ್ನು ಹಗಲು 65, ರಾತ್ರಿ 55 ಡಿಗ್ರಿಯಲ್ಲಿಡಿ ಎಂದು ಕೇಳಿಕೊಂಡರು. 2022ರಲ್ಲಿ ಉಕ್ರೇನ್ ಯುದ್ಧದ ಬೆನ್ನಲ್ಲೇ ನಮ್ಮ ರಾಜ್ಯದಲ್ಲಿ ಮನೆ ಕಾಯಿಸುವ ಎಣ್ಣೆ ಗ್ಯಾಲನ್ನಿಗೆ ಐದು ಡಾಲರನ್ನು ದಾಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಫಲೋ ಪ್ರದೇಶಕ್ಕೆ ಎರಗಿದ ಹಿಮಬಿರುಗಾಳಿಗೆ ನಲವತ್ತಕ್ಕೂ ಹೆಚ್ಚು ಜನ ಬಲಿಯಾದರು. ಬಿಸಿಯಿಲ್ಲದ ತಮ್ಮ ಮನೆಗಳಲ್ಲೇ ಸತ್ತವರೂ ಅವರಲ್ಲಿದ್ದರು. ಎಣ್ಣೆಯದಿರಲಿ, ಗ್ಯಾಸಿನದಿರಲಿ, ಈ ಬಾಯ್ಲರುಗಳು ಸಾಮಾನ್ಯವಾಗಿ ವಿದ್ಯುತ್ ಇಲ್ಲದೆ ನಡೆಯುವುದಿಲ್ಲವೆಂಬುದನ್ನು ನಾವು ಮರೆತಿರುತ್ತೇವೆ.

ಅಮ್ಮ ಈಗಿಲ್ಲ. ನೆರೆಮನೆಯ ಆ ವೃದ್ಧೆಯೂ ತೀರಿಕೊಂಡು ವರ್ಷಗಳಾದವು; ಅಲ್ಲಿ ಬೇರೊಂದು ಕುಟುಂಬವಿದೆ. ಮಕ್ಕಳು ಹೊಸ ಮನೆಗಳಲ್ಲಿ ನೆಲೆಸಿದ್ದಾರೆ. ಮುದುಕರಾದ ನಾವಿಬ್ಬರೂ ಆ ಹಳೆಯ ಮನೆಯಲ್ಲೇ ಇದ್ದೇವೆ. ಪ್ರತಿ ಅಕ್ಟೋಬರಿನಲ್ಲಿ ಊದುಬತ್ತಿ ಹಿಡಿದು ಮನೆ ಸುತ್ತುತ್ತೇನೆ; ಪ್ರತಿ ವರ್ಷವೂ ಹೊಸದೊಂದು ಸಂದಿ ಸಿಗುತ್ತದೆ.

ಈ ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ಉತ್ತರದ ಹಿಮಸೀಮೆಗಳವರು ಅನೇಕರಿದ್ದೀರಿ. ನಿಮ್ಮ ಊರಿನಲ್ಲಿ ಹಳೆಯ ಮನೆಯೊಂದರಲ್ಲಿ ಒಂಟಿಯಾಗಿರುವ ಹಿರಿಯ ಕನ್ನಡಿಗರೊಬ್ಬರು ಇದ್ದೇ ಇರುತ್ತಾರೆ. ಯುಗಾದಿಗೂ ರಾಜ್ಯೋತ್ಸವಕ್ಕೂ ಅವರನ್ನು ಕರೆಯುವುದಿದ್ದೇ ಇದೆ. ಜನವರಿಯ ಕೊರೆವ ರಾತ್ರಿಯಲ್ಲೂ ಒಮ್ಮೆ ಫೋನು ಮಾಡಿ, ಬಾಯ್ಲರ್ ನಡೆಯುತ್ತಿದೆಯೇ ಎಂದು ಕೇಳಿ. ನಾನಂತೂ ಮಲಗುವ ಮುನ್ನ ಕಿಟಕಿಯ ಬಳಿ ನಿಂತು, ಪಕ್ಕದ ಮನೆಯ ಚಿಮಣಿಯಿಂದ ಉಗಿ ಏಳುತ್ತಿದೆಯೇ ಎಂದು ನೋಡಿಯೇ ಪರದೆ ಎಳೆಯುತ್ತೇನೆ.